ಬಾಲ ತಾಗಿದ ದಿನಗಳು

ನಮ್ಮೂರಿಗೆ ವಿಮಾನ ಬಂದದ್ದಿಲ್ಲ, ಬರುವುದೂ ಇಲ್ಲ. ಇರುವುದು ವಿಮಾನದ ಮೂತಿ ಮಾತ್ರ. ಹಳೇ ಟಾಕೀಸಿನಲ್ಲಿ, ಮೊದಲು ಪರದೆ ಇದ್ದ ಜಾಗದಲ್ಲಿ ಒಂದು ಕ್ಯಾಬಿನ್. ಒಳಗೆ ಎರಡು ಕುರ್ಚಿ, ಎರಡು ಹಿಡಿಕೆ, ನೂರೆಂಟು ಗುಂಡಿ, ಎದುರಿಗೆ ಗಾಜು, ಗಾಜಿನೊಳಗೆ ಯಾವುದೋ ಊರಿನ ರನ್‌ವೇ. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಇಬ್ಬರು ಅಲ್ಲಿ ಕೂತು ಒಂದು ಸಲ, ಒಂದೇ ಸಲ, ಮೇಲೇರಬೇಕು. ಮೂತಿ ಸರಿಯಾಗಿ ಎದ್ದರೆ ಆವತ್ತು ಊರಿನಲ್ಲಿ ಎಲ್ಲವೂ ಹಗುರ. ಬಾಲ ನೆಲಕ್ಕೆ ತಾಗಿತೋ, ಮುಗಿಯಿತು. ಮಾರನೆಯ ಬೆಳಿಗ್ಗೆಯವರೆಗೆ ಕೊಡ ಭಾರ, ಸೌದೆ ಭಾರ, ಕಾಲು ಭಾರ, ಕಣ್ಣಿನ ರೆಪ್ಪೆ ಕೂಡ ಭಾರ.

ಹೀಗೇ ಬದುಕಿ ಅಭ್ಯಾಸವಾಗಿದೆ. ಟಾಕೀಸಿನ ಮುಂದಿನ ಹಲಗೆಯ ಮೇಲೆ ‘ಎದ್ದಿತು’ ಅಥವಾ ‘ತಾಗಿತು’ ಎಂದು ಬರೆಯುವವರೆಗೆ ಯಾರೂ ಬೀರು ಜರುಗಿಸುವುದಿಲ್ಲ, ಮಂಚ ಎತ್ತುವುದಿಲ್ಲ. ತಾಗಿದ ದಿನ ಹಿಟ್ಟು ಉಬ್ಬುವುದಿಲ್ಲ. ಇಡ್ಲಿ ಮಾಡಬೇಕೆಂದಿದ್ದವರು ಸುಮ್ಮನೆ ರೊಟ್ಟಿಗೆ ಇಳಿಯುತ್ತಾರೆ. ಹುಂಜ ಗೋಡೆ ಹತ್ತುವುದಿಲ್ಲ. ಹೆಣ್ಣು ನೋಡಲು ಬಂದವರು ಚಾಪೆಯಿಂದ ಏಳಲಾರದೆ ಇನ್ನೊಂದು ಲೋಟ ಕಾಫಿ ಕುಡಿದು, ಅಷ್ಟರಲ್ಲಿ ಸಂಬಂಧವೇ ಕುದುರಿಬಿಟ್ಟದ್ದೂ ಉಂಟು.

ಹಿಡಿಕೆ ಎಳೆಯುವವಳು ನಾನು, ಭಾಗೀರಥಿ. ಹನ್ನೊಂದು ವರ್ಷದಿಂದ ಎಡಗಡೆಯ ಕುರ್ಚಿ ನನ್ನದು. ಬೆಳಿಗ್ಗೆ ಕ್ಯಾಬಿನ್, ಮಿಕ್ಕ ಹೊತ್ತು ಹೊಲಿಗೆ. ಬಲಗಡೆ ಕೂರುವವನು ಮುದ್ದಯ್ಯ, ಕೂಗುವವನು. ಊರಿನಲ್ಲಿ ಬಸ್ಸು ಓಡುತ್ತಿದ್ದ ಕಾಲಕ್ಕೆ ಕಂಡಕ್ಟರಾಗಿದ್ದ. ಬಸ್ಸು ಹೋಯಿತು, ಗಂಟಲು ಉಳಿಯಿತು. ಊರಿಗೆಲ್ಲ ಅವನು ಮುದ್ದಣ್ಣ. ನಾನು ಮಾತ್ರ ಮುದ್ದಯ್ಯನೋರೆ ಅನ್ನುತ್ತೇನೆ. ಅಣ್ಣ ಅನ್ನಲು ನನಗೆ ನಾಲಿಗೆ ಹೊರಳುವುದಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ.

ಅವನು ಕೂಗುವುದು ನಾಲ್ಕೇ ಮಾತು. ಗಾಡಿ ಓಡತೊಡಗಿ ವೇಗ ಹಿಡಿದಾಗ ‘ಎಂಬತ್ತು’ ಅನ್ನುತ್ತಾನೆ, ಎಲ್ಲ ಸರಿಯಿದೆ ಅಂತ ಅರ್ಥ. ಆಮೇಲೆ ‘ವಿ ಒನ್’. ಅಲ್ಲಿಂದಾಚೆಗೆ ನಿಲ್ಲಿಸುವ ಮಾತಿಲ್ಲ. ನಾನು ವೇಗ ಕೊಡುವ ಥ್ರಾಟಲ್ ಮೇಲಿನ ಕೈ ತೆಗೆದುಬಿಡಬೇಕು, ಇಲ್ಲವಾದರೆ ಹೆದರಿದ ಕೈ ತಾನಾಗಿ ಅದನ್ನು ಹಿಂದಕ್ಕೆ ಎಳೆದೀತು. ಮೂರನೆಯದು ‘ರೊಟೇಟ್’. ಆಗ ಹಿಡಿಕೆಯನ್ನು ಎದೆಯ ಕಡೆಗೆ ತರಬೇಕು. ಗಾಲಿ ನೆಲ ಬಿಟ್ಟಮೇಲೆ ‘ಏರ್ತಿದೆ’.

ಹಿಡಿಕೆ ತರುವುದರಲ್ಲೇ ಇದೆ ವಿದ್ಯೆಯೆಲ್ಲ. ಜಗ್ಗಬಾರದು. ಮೂತಿ ಒಂದೇ ಸಮ ಏಳಬೇಕು, ಹದಿನೈದು ಡಿಗ್ರಿಯ ಗೆರೆಗೆ ಬರಲು ನಿಧಾನವಾಗಿ ಆರು ಎಣಿಸುವಷ್ಟು ಹೊತ್ತು. ತೊಟ್ಟಿಲಲ್ಲಿ ಮಲಗಿದ ಮಗುವನ್ನು ನಿದ್ದೆ ಕೆಡದ ಹಾಗೆ ಎತ್ತಿಕೊಳ್ಳುವುದಿಲ್ಲವೇ, ಹಾಗೆ. ಅವಸರ ಮಾಡಿದರೆ ಗಾಲಿ ನೆಲ ಬಿಡುವ ಮುಂಚೆಯೇ ಬಾಲ ತಗ್ಗಿ ಉಜ್ಜುತ್ತದೆ. ವೇಗ ಸಾಲದೆ ಎತ್ತಿದರೂ ಅದೇ ಗತಿ. ಮೂತಿ ಎದ್ದಿರುತ್ತದೆ, ಗಾಡಿ ಏಳುವುದಿಲ್ಲ, ಬಾಲ ಪಾಪ ಎಲ್ಲಿಗೆ ಹೋಗಬೇಕು?

ಆ ವೇಗ ನನಗೆ ಕಾಣುವುದಿಲ್ಲ. ನನ್ನ ಕಡೆಯ ವೇಗದ ಗಡಿಯಾರಕ್ಕೆ ಹಿಂದಿನವರು ಒಂದು ಕರೀ ಬಟ್ಟೆ ಹೊದಿಸಿದ್ದಾರೆ. ಅಂಕಿ ನೋಡಿದರೆ ಎಳೆಯುವವರಿಗೆ ಆಸೆ ಹುಟ್ಟಿ ಕೈ ಮುಂದಾಗುತ್ತದೆ ಅಂತ. ಕಲಿಯುವಾಗ ಒಂದು ತಿಂಗಳು ಮಾತ್ರ ಬಟ್ಟೆ ತೆಗೆದಿದ್ದರು. ಆಗ ರೊಟೇಟ್ ಅನ್ನುತ್ತಿದ್ದದ್ದು ನೂರ ನಲವತ್ತಾರಕ್ಕೆ. ಆ ಅಂಕಿ ನನ್ನ ತಲೆಯಲ್ಲಿ ಹಚ್ಚೆ ಹುಯ್ದ ಹಾಗೆ ಕೂತಿದೆ.

ಎಷ್ಟಕ್ಕೆ ಕೂಗಬೇಕೆಂದು ಹೇಳುವುದು ಊರಿನ ಭಾರ. ತಿಂಗಳ ಮೊದಲ ದಿನ ಮುದ್ದಯ್ಯ ಮನೆಮನೆಗೂ ಹೋಗಿ ಎಷ್ಟು ಜನ, ಎಷ್ಟು ಮೂಟೆ, ಎಷ್ಟು ಕಲ್ಲು ಅಂತ ಕೇಳಿ ಬರೆದುಕೊಂಡು, ಕೂಡಿ, ಕ್ಯಾಬಿನ್ನಿನ ಗೋಡೆಯ ಮೇಲಿನ ಪಟ್ಟಿಯಲ್ಲಿ ಹುಡುಕಿ, ಒಂದು ಕಾರ್ಡಿನ ಮೇಲೆ ವೇಗದ ಅಂಕಿ ಬರೆದು ತನ್ನೆದುರು ಸಿಕ್ಕಿಸಿಕೊಳ್ಳುತ್ತಾನೆ. ಭಾರ ಹೆಚ್ಚಿದ್ದರೆ ಹೆಚ್ಚು ಓಡಿ ಎತ್ತಬೇಕು, ಕಮ್ಮಿಯಿದ್ದರೆ ಬೇಗ ಎತ್ತಬಹುದು. ಮನೆಯವರು ಹೇಳಿದ್ದನ್ನೇ ಬರೆಯಬೇಕು, ಕಾರ್ಡಿನಲ್ಲಿ ಇದ್ದದ್ದನ್ನೇ ಕೂಗಬೇಕು. ಕೂಗುವವನು ತನ್ನ ಬುದ್ಧಿ ಓಡಿಸುವ ಹಾಗಿಲ್ಲ. ಇದೂ ನಿಯಮವೇ.

ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ಬಾಲ ತಾಗಿತ್ತು. ಐದನೆಯ ಸಲ ತಾಗಿದ್ದು ಈ ಬೇಸಿಗೆಯಲ್ಲಿ, ಅದೂ ನನ್ನ ಕೈಯಿಂದಲೇ, ಸುಳ್ಳೇಕೆ ಹೇಳಲಿ. ನನ್ನ ಅವ್ವ ದೊಡ್ಡತಾಯಮ್ಮನಿಗೆ ಎದೆ ಹಿಡಿದುಕೊಂಡು ನಾಲ್ಕು ದಿನವಾಗಿತ್ತು. ನಿದ್ದೆಗೆಟ್ಟ ಕೈ, ಜಗ್ಗಿಬಿಟ್ಟೆ. ಕೈ ತಪ್ಪಿತು ಅಂತ ಬಾಯಿ ಬಿಟ್ಟು ಹೇಳಿದೆ ಕೂಡ. ಯಾರೂ ನಂಬಲಿಲ್ಲ. ಹನ್ನೊಂದು ವರ್ಷದ ಕೈ ಸುಮ್ಮಸುಮ್ಮನೆ ತಪ್ಪುತ್ತದೆಯೇ, ಯಾವುದೋ ಮನೆಯಲ್ಲಿ ಭಾರ ಜಾಸ್ತಿಯಾಗಿದೆ ಅಂತ ಮಾತು ಹಬ್ಬಿತು. ಆವತ್ತಿನಿಂದ ಊರಿನ ಕಣ್ಣೇ ಬೇರೆಯಾಯಿತು. ಯಾರ ಹಿತ್ತಲಲ್ಲಿ ಹೊಸ ಒರಳು ಬಂದಿದೆ, ಯಾರ ಅಟ್ಟದ ಮೇಲೆ ಎಷ್ಟು ಮೂಟೆ, ಯಾರ ಸೊಸೆ ಬಸುರಿ, ಎಲ್ಲವೂ ಚರ್ಚೆಯಾಗತೊಡಗಿತು. ಎದುರುಮನೆಯ ಸಾಕಮ್ಮ ನಮ್ಮ ಜಗಲಿಯಲ್ಲಿ ಕೂತು, ಹಾಸಿಗೆ ಹಿಡಿದವರು ಮೂರು ಪಟ್ಟು ತೂಗುತ್ತಾರಂತೆ ಕಣೆ ಅಂತ ಹೇಳಿ, ಬಾಗಿಲಿನ ಕಡೆ ಕತ್ತು ಉದ್ದ ಮಾಡಿದಳು.

ಮಾತು ಚಾವಡಿಗೆ ಹೋಯಿತು. ಯಜಮಾನ ಚೆಲುವಯ್ಯ ತೀರ್ಮಾನ ಮಾಡಿಯೇಬಿಟ್ಟ. ಹಾಸಿಗೆ ಹಿಡಿದವರನ್ನು ಊರ ಗಡಿಯಾಚೆ, ಹೊಳೆದಂಡೆಯ ಹಳೇ ಚೌಕಿಮನೆಗೆ ಸಾಗಿಸಬೇಕು. ಅಲ್ಲಿನ ಭಾರ ನಮ್ಮೂರಿನ ಲೆಕ್ಕಕ್ಕೆ ಬರುವುದಿಲ್ಲ. ಇದರಿಂದ ಊರಿನ ಭಾರವೇನೋ ಕಮ್ಮಿಯಂತೆ, ಆದರೆ ಅಲ್ಲಿ ಬಾಯಿಗೆ ಒಂದು ತೊಟ್ಟು ನೀರು ಬಿಡುವವರೂ ಇಲ್ಲ. ಮೂವರನ್ನು ಸಾಗಿಸಿದರು. ಇಬ್ಬರು ವಾರ ತುಂಬುವುದರೊಳಗೆ ಹೋದರು. ಎಳೆಯುವವಳು ರಾತ್ರಿ ಊರು ಬಿಟ್ಟು ಮಲಗುವ ಹಾಗಿಲ್ಲವಾದ್ದರಿಂದ ಅವ್ವನ ಜೊತೆ ಹೋಗಿ ಇರುವ ದಾರಿಯೂ ನನಗಿರಲಿಲ್ಲ.

ಹಾಗಾಗಿ ಅವ್ವನನ್ನು ಬಚ್ಚಿಟ್ಟೆ. ಮಾವನ ಊರಿಗೆ ಕಳಿಸಿದ್ದೇನೆ ಅಂತ ಬೀದಿಗೆಲ್ಲ ಹೇಳಿದೆ, ಹಿಂದಿನ ಕೋಣೆಯಲ್ಲಿ ಮಲಗಿಸಿದೆ. ಅವಳಿಗೆ ಕೆಮ್ಮು ಬಂದರೆ ನಾನು ಹೊಲಿಗೆ ಮಿಷನ್ ತುಳಿಯುತ್ತಿದ್ದೆ. ಬಟ್ಟೆಯಿಲ್ಲದೆ ಬರೀ ಸೂಜಿ ಓಡಿಸಿ ಎಷ್ಟು ದಾರ ದಂಡವಾಯಿತೋ. ತಿಂಗಳ ಮೊದಲ ದಿನ ಮುದ್ದಯ್ಯ ಬಾಗಿಲಿಗೆ ಬಂದು ಎಷ್ಟು ಜನ ಅಂದ. ಒಬ್ಬಳೇ ಅಂದೆ. ಅಷ್ಟರಲ್ಲಿ ಒಳಗೆ ಅವ್ವ ಕೆಮ್ಮಿದಳು, ನಾನು ಪೆಡಲನ್ನು ಧಡಧಡನೆ ತುಳಿದೆ. ಕೇಳಿಸಿತೋ ಇಲ್ಲವೋ, ಅವನು ಪೆನ್ಸಿಲ್ಲಿನ ತುದಿ ನೋಡುತ್ತ ಏನೋ ಬರೆದುಕೊಂಡು ಹೋದ. ಒಂದು ಮುದುಕಿಯ ಮೂವತ್ತೈದು ಕೇಜಿ, ಬೆಟ್ಟದಿಂದ ಒಂದು ಕೂದಲು ಕಿತ್ತ ಹಾಗೆ, ಅದರಿಂದೇನಾಗುತ್ತದೆ ಅಂದುಕೊಂಡೆ.

ಆ ತಿಂಗಳು ಒಂಬತ್ತು ಸಲ ಬಾಲ ತಾಗಿತು. ಮುಂದಿನ ತಿಂಗಳು ಹದಿನಾಲ್ಕು ಸಲ. ಪ್ರತಿಸಲವೂ ನಾನು ಆರು ಎಣಿಸಿಯೇ ಎತ್ತುತ್ತಿದ್ದೆ. ಕೈಯಲ್ಲಿ ತಪ್ಪಿರಲಿಲ್ಲ, ನನ್ನ ಕೈ ನನಗೆ ಗೊತ್ತಿಲ್ಲವೇ? ಆದರೂ ಕೆಳಗಿನಿಂದ ಕುರ್ಚಿಯ ಬೆನ್ನಿಗೆ ಆ ಉಜ್ಜುವ ಸದ್ದು ಬರುತ್ತಿತ್ತು, ಮರುಗಳಿಗೆಗೇ ನನ್ನ ಹೆಗಲು ಕುಸಿಯುತ್ತಿತ್ತು. ನಾನು ಕಾಲೆಳೆದುಕೊಂಡು ಮನೆಗೆ ಬರುವಷ್ಟರಲ್ಲಿ ಅವ್ವ ಬಾಯಿ ತೆರೆದುಕೊಂಡು ಮಲಗಿರುತ್ತಿದ್ದಳು. ಎದೆ ಮೇಲೇಳುವುದೇ ಅವಳಿಗೆ ಕೂಲಿ ಕೆಲಸ ಆಗಿಬಿಟ್ಟಿತ್ತು. ಹೊದಿಕೆ ತೆಗೆದೆ, ತಾಳಿಯಂತೂ ಮೊದಲೇ ಇರಲಿಲ್ಲ, ಕುತ್ತಿಗೆಯ ತುಳಸಿಮಣಿ ಸರವನ್ನೂ ಬಿಚ್ಚಿದೆ. ಅಷ್ಟು ಭಾರವಾದರೂ ಇಳಿಯಲಿ ಅಂತ. ಇನ್ನು ಹತ್ತು ಇಂಥ ದಿನ ಬಂದರೆ ಅವ್ವ ಉಳಿಯುವುದಿಲ್ಲ ಅಂತ ಯಾವ ಡಾಕ್ಟರೂ ಬಂದು ನನಗೆ ಹೇಳಬೇಕಾಗಿರಲಿಲ್ಲ.

ಆಗ ನನ್ನ ಅನುಮಾನ ಮುದ್ದಯ್ಯನ ಮೇಲೆ ತಿರುಗಿತು. ಎಳೆತ ಸರಿಯಿದ್ದೂ ಬಾಲ ತಾಗುತ್ತದೆ ಅಂದರೆ ಕೂಗು ತಪ್ಪಿರಬೇಕು. ಯಾಕೆ ತಪ್ಪುತ್ತದೆ? ಇಪ್ಪತ್ತೆಂಟು ವರ್ಷದ ಹಿಂದೆ ಅವನು ನನ್ನನ್ನು ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದ. ಬಸ್ಸಿನ ಬಾಗಿಲಲ್ಲಿ ನೇತಾಡೋನಿಗೆ ಮಗಳನ್ನು ಕೊಡುವುದಿಲ್ಲ ಅಂತ ಅವ್ವ ಜಗಲಿಯಿಂದಲೇ ಕಳಿಸಿದ್ದಳು. ನನ್ನನ್ನು ಮದುವೆಯಾದವನು ಮೂರೇ ವರ್ಷಕ್ಕೆ ತೀರಿಕೊಂಡ, ಆ ಮಾತು ಬೇರೆ. ಮುದ್ದಯ್ಯ ಮದುವೆಯಾಗಲೇ ಇಲ್ಲ. ಅದರ ಬಗ್ಗೆ ಒಂದು ದಿನವೂ ತುಟಿ ಬಿಚ್ಚಿದವನಲ್ಲ. ತುಟಿ ಬಿಚ್ಚದವರನ್ನೇ ಅಲ್ಲವೇ ನಂಬಬಾರದು? ಅವ್ವನ ಕೆಮ್ಮು ಅವನಿಗೆ ಕೇಳಿಸಿದೆ, ಅವಳ ಎದೆ ಎಂಥದೆಂದು ಗೊತ್ತಾಗಿದೆ, ಕೈ ಹಚ್ಚದೆ ಸೇಡು ತೀರಿಸಿಕೊಳ್ಳುತ್ತಿದ್ದಾನೆ. ಹೀಗಂತ ಒಂದು ಸಲ ಹೊಳೆದದ್ದೇ, ಅಲ್ಲಿಂದ ಮುಂದೆ ಎಲ್ಲವೂ ಅದಕ್ಕೇ ಹೊಂದಿಕೊಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅವನು ನನ್ನ ಮುಖ ನೋಡದಿದ್ದರೆ ಕಳ್ಳತನ, ನೋಡಿದರೆ ಅಣಕ. ಅವ್ವ ಮಾವನ ಊರಲ್ಲಿ ಹೆಂಗವ್ಳೆ ಅಂತ ಒಂದು ದಿನ ಕೇಳಿದ್ದಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು.

ಗೋಕುಲಾಷ್ಟಮಿ ಕಳೆದ ಮಾರನೆಯ ಬೆಳಿಗ್ಗೆ, ಅವನು ಬರುವ ಮುಂಚೆ ಕ್ಯಾಬಿನ್ನಿಗೆ ಹೋಗಿ, ಕರೀ ಬಟ್ಟೆಯ ಒಂದು ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಚ್ಚಿದೆ. ದರ್ಜಿ ಬಿಚ್ಚಿದ ಹೊಲಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕಿಕಾಳಿನಷ್ಟು ಸಂದಿ, ಅದರಲ್ಲಿ ಗಡಿಯಾರದ ಅಂಕಿ ಕಾಣುತ್ತಿತ್ತು. ಮುದ್ದಯ್ಯ ಬಂದು ಕೂತ, ಕಾರ್ಡು ಸಿಕ್ಕಿಸಿದ, ಬೆಲ್ಟು ಬಿಗಿದುಕೊಂಡ. ಗಾಡಿ ಓಡಿತು. ಎಂಬತ್ತು ಅಂದ, ಸರಿಯಾಗಿ ಎಂಬತ್ತಿತ್ತು. ವಿ ಒನ್ ಅಂದ, ಕೈ ತೆಗೆದೆ. ರೊಟೇಟ್ ಅಂದ. ಅಂಕಿ ನೂರ ಮೂವತ್ತೊಂದು.

ಹದಿನೈದು ಕಮ್ಮಿ. ನನ್ನ ಕೈ ಅಭ್ಯಾಸಬಲದಿಂದ ಎತ್ತಿಯೇಬಿಟ್ಟಿತು. ಬಾಲ ಕೆರೆಯುತ್ತ ಹೋಯಿತು. ಕೂತಲ್ಲೇ ಮೈ ಸೀಸದ ಹಾಗಾಯಿತು. ನಾನು ಎದ್ದು ನೇರ ಚಾವಡಿಗೆ ಹೋದೆ. ಅಷ್ಟು ಭಾರದಲ್ಲಿ ಆ ನೂರು ಹೆಜ್ಜೆ ಹೇಗೆ ನಡೆದೆನೋ ನನಗೇ ಗೊತ್ತಿಲ್ಲ.

ಮಧ್ಯಾಹ್ನ ಊರು ಸೇರಿತು. ಬಟ್ಟೆಯ ಸಂದಿಯ ಮಾತು ಎತ್ತಲಿಲ್ಲ, ಎತ್ತಿದರೆ ನನಗೇ ಕುತ್ತು. ಹನ್ನೊಂದು ವರ್ಷದ ಅನುಭವದಿಂದ ಹೇಳುತ್ತೇನೆ, ಇವನು ಬೇಕೆಂದೇ ಮುಂಚಿತವಾಗಿ ಕೂಗುತ್ತಿದ್ದಾನೆ, ಓಡಿದ ಹೊತ್ತು ಎಣಿಸಿ ನೋಡಿದ್ದೇನೆ ಅಂದೆ. ಜನ ಗುಜುಗುಜು ಅಂದರು. ಚೆಲುವಯ್ಯ ಗಂಟಲು ಸರಿಮಾಡಿಕೊಂಡು, ಏನಪ್ಪ ಹೇಳ್ತೀಯ ಅಂತ ಕೇಳಿದ. ಮುದ್ದಯ್ಯ ಅಂಗಿಯ ಜೇಬಿನಿಂದ ಕಾರ್ಡು ತೆಗೆದು ಅವನ ಕೈಗಿಟ್ಟ.

“ಕಾರ್ಡಲ್ಲಿ ನೂರ ಮೂವತ್ತೊಂದು ಅಂತ ಅದೆ, ಅದನ್ನೇ ಕೂಗಿದೀನಿ. ನೀವೇ ಕೊಟ್ಟ ಭಾರ, ನೀವೇ ಕೂಡಿ ನೋಡಿ.”

ಕೂಡಿದರು. ಗೋಡೆಯ ಪಟ್ಟಿ ತರಿಸಿ ನೋಡಿದರು. ಊರಿನ ಭಾರ ಮೂರು ತಿಂಗಳಲ್ಲಿ ಮೂರನೇ ಒಂದು ಪಾಲು ಕರಗಿಹೋಗಿತ್ತು. ಆ ಭಾರಕ್ಕೆ ನೂರ ಮೂವತ್ತೊಂದೇ ಸರಿ. ಆದರೆ ಊರೇನೂ ಕರಗಿರಲಿಲ್ಲವಲ್ಲ, ಎಲ್ಲ ಮನೆಗಳೂ ಮೊದಲಿನಂತೆಯೇ ನಿಂತಿದ್ದವು. ಮನುಷ್ಯರು ಬರೆದ ಕಾರ್ಡು ಏನಾದರೂ ಹೇಳಲಿ, ಆ ಕ್ಯಾಬಿನ್ನಿಗೆ ನಿಜವಾದ ಭಾರ ಹೇಗೋ ಗೊತ್ತಿರುತ್ತದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿ ಒಬ್ಬೊಬ್ಬರೂ ಹಾಗೆ ಕೂತಿದ್ದರು. ಸಾಕಮ್ಮ ಸೆರಗಿನ ಅಂಚು ಸುತ್ತುತ್ತಿದ್ದಳು. ಅವಳ ಹಿತ್ತಲಿನ ರುಬ್ಬುಗುಂಡು ಗೋಣಿತಾಟಿನ ಕೆಳಗಿದ್ದದ್ದು ನಾನೇ ನೋಡಿದ್ದೆ. ಚೆಲುವಯ್ಯನ ಅಟ್ಟದ ರಾಗಿ ಊರಿಗೇ ಗೊತ್ತು. ತಮ್ಮ ಮನೆಯ ಭಾರವೇ ತಪ್ಪಿಗೆ ಕಾರಣ ಅಂತ ಯಾರೂ ಅನ್ನದಿರಲಿ ಅಂತ ಒಬ್ಬೊಬ್ಬರೂ ಒಂದಿಷ್ಟು ಕಮ್ಮಿ ಹೇಳಿದ್ದಾರೆ. ಕಮ್ಮಿ ಹೇಳಿದ್ದಕ್ಕೆ ಬಾಲ ತಾಗಿದೆ. ತಾಗಿದ್ದಕ್ಕೆ ಅನುಮಾನ ಜಾಸ್ತಿಯಾಗಿ, ಮುಂದಿನ ತಿಂಗಳು ಇನ್ನೂ ಕಮ್ಮಿ ಹೇಳಿದ್ದಾರೆ. ಎಲ್ಲ ನನಗೆ ಆ ಕ್ಷಣದಲ್ಲಿ ಅರ್ಥವಾಯಿತು. ನನ್ನ ಮನೆಯಲ್ಲಿ ಒಬ್ಬಳೇ ಅಂದವಳು ನಾನು.

ಮುದ್ದಯ್ಯ ನನ್ನ ಕಡೆ ನೋಡಿದ. ಆ ನೋಟದಲ್ಲಿ ಎಲ್ಲ ಇತ್ತು. ಕೆಮ್ಮು ಅವನಿಗೆ ಆವತ್ತೇ ಕೇಳಿಸಿತ್ತು. ಈಗ ಒಂದು ಮಾತು ಅಂದಿದ್ದರೆ ಸಾಕಿತ್ತು, ಮೊದಲು ಇವಳ ಹಿಂದಿನ ಕೋಣೆ ನೋಡಿ ಬನ್ನಿ ಅಂದಿದ್ದರೆ ಅವನು ಉಳಿಯುತ್ತಿದ್ದ. ಅವನು ಅನ್ನಲಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಯಾಕೆ ಬರೆದೆ ಅಂತ ಯಾರೋ ಹಿಂದಿನಿಂದ ಕೇಳಿದರು.

“ಮೀಸೆ ಚಿಗುರಿದ ಹುಡುಗನ್ನ ಐದು ವರ್ಷ ಅಂತ ಹೇಳಿ ಬಸ್ ಹತ್ತಿಸ್ತಿದ್ರು. ಕೇಳೋದು ನನ್ನ ಕೆಲಸ, ಸುಳ್ಳು ಹೇಳೋದು ಅವರ ಕೆಲಸ,” ಅಂದ ಮುದ್ದಯ್ಯ. ಅಷ್ಟು ಅಂದು ಕೂತುಬಿಟ್ಟ.

ಊರಿಗೆ ಬೇಕಾಗಿದ್ದದ್ದು ಒಂದು ದಾರಿ, ಆ ಮಾತು ದಾರಿ ತೋರಿಸಿತು. ನಮ್ಮನ್ನೆಲ್ಲ ಸುಳ್ಳರು ಅಂತಾನಲ್ಲ ಅಂತ ಒಬ್ಬ ಎದ್ದ. ನಾನು ಸರಿಯಾಗಿ ಹೇಳಿದ್ದೆ, ಇವನೇ ಕಮ್ಮಿ ಬರೆದುಕೊಂಡ ಅಂತ ಇನ್ನೊಬ್ಬ. ನಮ್ಮನೆಯದೂ ಹಾಗೇ, ನಮ್ಮದೂ ಹಾಗೇ ಅಂತ ಚಾವಡಿಯೆಲ್ಲ ಒಂದೇ ರಾಗ ಹಿಡಿಯಿತು. ಚೆಲುವಯ್ಯ ಕೊನೆಗೆ ನನ್ನ ಕಡೆ ತಿರುಗಿ, ನೀನೇನಮ್ಮ ಹೇಳ್ತೀಯ, ನಿಮ್ಮನೆಯದು ಸರಿಯಾಗಿ ಬರೆದಿದ್ದನಾ ಅಂದ. ನಾನು ಬಾಯಿ ತೆಗೆದೆ. ಚೌಕಿಮನೆ ಕಣ್ಣಮುಂದೆ ಬಂತು, ಮುಚ್ಚಿದೆ. ತಲೆ ಆಡಿಸಿದೆ, ಹೌದು ಅಂತಲೋ ಇಲ್ಲ ಅಂತಲೋ ನನಗೇ ತಿಳಿಯದ ಹಾಗೆ. ಅವರಿಗೆ ಬೇಕಾದ ಹಾಗೆ ಅವರು ತಿಳಿದುಕೊಂಡರು. ಮುದ್ದಯ್ಯ ಕುರ್ಚಿ ಬಿಡಬೇಕು, ನಾಳೆ ಸಂಜೆಯೊಳಗೆ ಊರೂ ಬಿಡಬೇಕು. ಇದು ತೀರ್ಪು. ಕೂಗುವ ಕೆಲಸವನ್ನು ಚೆಲುವಯ್ಯ ತಾನೇ ವಹಿಸಿಕೊಂಡ. ಹೊಸ ತಿಂಗಳು ಬರುವವರೆಗೆ ಕಾರ್ಡು ಅದೇ ಇರಲಿ, ಅಂಕಿ ಮುಟ್ಟುವುದು ಬೇಡ ಅಂದ. ಅಂಕಿ ಮುಟ್ಟಿದರೆ ಮೊದಲು ತನ್ನ ಅಟ್ಟ ಹತ್ತಿ ನೋಡಬೇಕಾಗುತ್ತದೆ ಅಂತ ಅವನಿಗೆ ಗೊತ್ತಿಲ್ಲವೇ?

ಆ ದಿನ ಅವ್ವ ಒಂದು ಚಮಚ ಗಂಜಿಯನ್ನೂ ನುಂಗಲಿಲ್ಲ. ಬೆರಳ ಉಗುರು ನೀಲಿಗಟ್ಟಿತ್ತು. ಅವಳ ಪಕ್ಕ ಕೂತು ನನ್ನನ್ನು ನಾನು ಬೈದುಕೊಂಡೆ, ಛೀ, ನಿನ್ನ ಜನ್ಮಕ್ಕಿಷ್ಟು ಅಂತ. ಮುದ್ದಯ್ಯನ ಬಗ್ಗೆ ಅಯ್ಯೋ ಅನ್ನಿಸಿತು. ಅಷ್ಟೇ ನಿಜವಾಗಿ, ಅವನು ಹೋಗುವ ಮುಂಚೆ ಅವ್ವನ ವಿಷಯ ಯಾರಿಗಾದರೂ ಹೇಳಿಬಿಟ್ಟರೆ ಅಂತ ಭಯವೂ ಆಯಿತು. ಅನುಮಾನಕ್ಕೆ ನಾಚಿಕೆಯೇ ಇಲ್ಲ ನೋಡಿ.

ಬೆಳಿಗ್ಗೆ ಎಂಟಕ್ಕೆ ಚೆಲುವಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಬಲಗಡೆ ಕೂತ. ಟಾಕೀಸಿನ ಹೊರಗೆ ಜನ ಸೇರಿದ್ದರು. ಗಾಡಿ ಬಿಟ್ಟೆ. ಅವನು ಎಂಬತ್ತು ಅನ್ನುವುದನ್ನೇ ಮರೆತ, ತೊಂಬತ್ತೈದಕ್ಕೆ ನೆನಪಾಗಿ ಎಂಬತ್ತು ಅಂದ. ವಿ ಒನ್ ಅಂದ. ಥ್ರಾಟಲ್ ಮೇಲಿನ ಕೈ ತೆಗೆದು ಎರಡೂ ಕೈಯಲ್ಲಿ ಹಿಡಿಕೆ ಹಿಡಿದೆ. ಸಂದಿಯೊಳಗೆ ನೂರ ಮೂವತ್ತೊಂದು ಬಂತು. ರೊಟೇಟ್ ಅಂದ.

ನಾನು ಎತ್ತಲಿಲ್ಲ.

ರನ್‌ವೇಯ ಬಿಳಿ ಗೆರೆಗಳು ಮೂತಿಯ ಕೆಳಗೆ ಒಂದಾಗಿ ಓಡುತ್ತಿದ್ದವು. ನೂರ ಮೂವತ್ತೈದು. ರೊಟೇಟ್ ಅಂತ ಅವನು ಇನ್ನೊಮ್ಮೆ ಅಂದ, ಧ್ವನಿ ಕೀಚಲಾಗಿತ್ತು. ನೂರ ಮೂವತ್ತೊಂಬತ್ತು. ಎದುರಿಗೆ ರನ್‌ವೇಯ ಕೊನೆಯ ಕೆಂಪು ದೀಪಗಳು ಕಾಣಿಸಿಕೊಂಡವು. ಅವನು ತನ್ನ ಕಡೆಯ ಹಿಡಿಕೆಗೆ ಕೈ ಹಾಕಲು ಬಂದ, ಮೊಣಕೈಯಲ್ಲಿ ತಿವಿದೆ. ನೂರ ನಲವತ್ತಾರು. ಆಗ ಎತ್ತಿದೆ. ಒಂದು, ಎರಡು, ಮೂರು. ನಾಲ್ಕಕ್ಕೆ ಗಾಲಿಯ ಗಡಗಡ ನಿಂತುಹೋಯಿತು. ಐದು, ಆರು, ಗೆರೆಗೆ ಬಂತು. ಕೆಂಪು ದೀಪಗಳು ನಮ್ಮ ಕೆಳಗೆ ಹಾದುಹೋದವು. ಏರ್ತಿದೆ ಅನ್ನಬೇಕಾದವನು ಕಣ್ಣು ಮುಚ್ಚಿಕೊಂಡು ಕೂತಿದ್ದ, ನಾನೇ ಅಂದೆ. ಮೈಯಿಂದ ಮೂಟೆ ಇಳಿಸಿದ ಹಾಗಾಯಿತು. ಹೊರಗೆ ಜನ ಹೋ ಅನ್ನುವುದು ಕೇಳಿಸಿತು.

ಚೆಲುವಯ್ಯ ಕಣ್ಣು ಬಿಟ್ಟು, ಬಟ್ಟೆಯ ಕಡೆ ನೋಡಲಿಲ್ಲ, ಕಾರ್ಡಿನ ಕಡೆಯೂ ನೋಡಲಿಲ್ಲ. ಹೊರಗೆ ಹೋಗಿ ಕೈ ಮುಗಿದ. ಹಾರ ತಂದಿದ್ದರು, ಹಾಕಿಸಿಕೊಂಡ. ಅನುಮಾನ ಪಟ್ಟದ್ದು ಸರಿಯಾಯಿತು ನೋಡಿ, ಮುದ್ದಣ್ಣ ಕುರ್ಚಿ ಬಿಟ್ಟ ಮೊದಲ ದಿನವೇ ಎದ್ದಿತು ಅಂತ ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಅವ್ವ ಉಸಿರಾಡಲಿ ಅಂತ ನಾನು ಮಾಡಿದ ಕೆಲಸ ಮುದ್ದಯ್ಯನ ಮೇಲಿನ ಅಪವಾದಕ್ಕೆ ಮೊಹರು ಒತ್ತಿತ್ತು. ಇದು ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಹೊಳೆದಿದ್ದರೂ ಅದನ್ನೇ ಮಾಡುತ್ತಿದ್ದೆ.

ಮನೆಗೆ ಬಂದರೆ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ. ಗಂಜಿ ಕೇಳಿ ಕುಡಿದಳು, ಉಪ್ಪು ಕಮ್ಮಿ ಅಂದಳು. ನಾನು ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತೆ.

ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಹತ್ತಿರ ನೆರಳು ಬಂತು. ಮುದ್ದಯ್ಯ ತಲೆಯ ಮೇಲೆ ತಗಡಿನ ಟ್ರಂಕು ಇಟ್ಟುಕೊಂಡು ಬೀದಿಯಲ್ಲಿ ನಿಂತಿದ್ದ. ಆವತ್ತಿನ ದಿನ ಹಗುರ, ಒಂದೇ ಕೈ ಸಾಕಾಗಿತ್ತು. ಸಂಜೆಯವರೆಗೆ ಸಮಯ ಕೊಟ್ಟಿದ್ದರೂ ಅವನು ಬೆಳಗಿನಲ್ಲೇ ಹೊರಟಿದ್ದ. ಬೀದಿಯ ಎರಡೂ ಕಡೆ ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸಾಕಮ್ಮ ಕೈಯಲ್ಲಿ ಪೊರಕೆ ಹಿಡಿದು ತನ್ನ ಮೆಟ್ಟಿಲ ಮೇಲಿದ್ದಳು. ನಾನು ಹೊಸ್ತಿಲಿಗೆ ಬಂದೆ. ಅವನು ಯಾರಿಗೂ ಕೇಳಿಸದ ಹಾಗೆ, ಕೆಲಸದ ಮಾತಿನ ಹಾಗೆ ಕೇಳಿದ.

“ಎಷ್ಟಕ್ಕೆ ಎತ್ತಿದೆ?”

“ನೂರ ನಲವತ್ತಾರಕ್ಕೆ,” ಅಂದೆ.

“ಅದೇ ಸರಿ. ದಿನಾ ಅಷ್ಟಕ್ಕೇ ಎತ್ತು. ಅವನೇನ್ ಕೂಗಿದ್ರೂ ಕಿವಿಗೆ ಹಾಕ್ಕೋಬೇಡ.”

ಅಷ್ಟೇ ಹೇಳಲು ಬಂದಿದ್ದ. ತನ್ನನ್ನು ಊರು ಬಿಡಿಸಿದವಳ ಬಾಗಿಲಿಗೆ ಅಷ್ಟಕ್ಕೇ ಬಂದಿದ್ದ. ತಪ್ಪಾಯಿತು ಅನ್ನಬೇಕು ಅಂದುಕೊಳ್ಳುತ್ತಿರುವಾಗಲೇ ಒಳಗಿನಿಂದ ಅವ್ವ ಕೂಗಿದಳು. ಎದೆ ತುಂಬ ಗಾಳಿ ಸಿಕ್ಕಿತ್ತಲ್ಲ, ಮೊದಲಿನ ಗಂಟಲು ಪೂರ್ತಿಯಾಗಿ ಬಂದುಬಿಟ್ಟಿತ್ತು. ಆ ಧ್ವನಿ ಹಿಂದಿನ ಕೋಣೆ, ನಡುಮನೆ, ಜಗಲಿ ಎಲ್ಲ ದಾಟಿ ಬೀದಿಯ ತುದಿಯವರೆಗೂ ಹೋಯಿತು.

“ಯಾರೇ ಭಾಗೀ ಅದು, ಬಾಗ್ಲಲ್ಲಿ?”

ಸಾಕಮ್ಮನ ಪೊರಕೆ ನಿಂತಿತು. ಬೀದಿಯೇ ನಿಂತಿತು. ಮುದ್ದಯ್ಯನ ಮುಖ ಬಿಳಿಚಿಕೊಂಡಿತು, ನನಗಿಂತ ಹೆಚ್ಚು ಅವನೇ ಹೆದರಿದ. ಬಾಗಿಲು ಹಾಕ್ಕೋ, ಮಿಷನ್ ತುಳಿ, ಹೋಗು ಅಂತ ಪಿಸುಗುಟ್ಟಿದ. ನನ್ನ ಕೈ ಬಾಗಿಲಿನ ಮೇಲೆ ಹೋಗಿತ್ತು ಕೂಡ. ಮುಚ್ಚಿಬಿಟ್ಟರೆ ಅದು ಯಾರ ಧ್ವನಿಯೋ ಅಂತ ಇನ್ನೆರಡು ದಿನ ವಾದ ಮಾಡಬಹುದಿತ್ತು. ಅಷ್ಟರಲ್ಲಿ ಅವನು ಗಡಿ ದಾಟಿರುತ್ತಿದ್ದ.

ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ಪೂರ್ತಿ ತೆರೆದೆ. ಮೆಟ್ಟಿಲಿಳಿದು ಅವನ ತಲೆಯ ಮೇಲಿನ ಟ್ರಂಕನ್ನು ಕಿತ್ತುಕೊಂಡು ನಮ್ಮ ಜಗಲಿಯ ಮೇಲಿಟ್ಟೆ. ಆಮೇಲೆ ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದೆ.

“ಮುದ್ದಯ್ಯನೋರು ಬಂದವ್ರೆ ಕಣವ್ವ. ನಮ್ಮನೇಲಿ ಇಬ್ರಿದ್ದೀವಿ ಅಂತ ಬರ್ಕೊಳಕ್ಕೆ ಬಂದವ್ರೆ. ಇವ್ರು ತಪ್ಪು ಬರೆದಿರ್ಲಿಲ್ಲ, ನಾನೇ ತಪ್ಪು ಹೇಳಿದ್ದೆ.”

ಹೇಳಿ ಹೊಸ್ತಿಲ ಮೇಲೆ ಕೂತೆ, ಬಾಗಿಲಿಗೆ ಅಡ್ಡವಾಗಿ. ಅವ್ವನನ್ನು ಎತ್ತಿಕೊಂಡು ಹೋಗಲು ಮೊದಲು ಯಾರು ಬರುತ್ತಾರೆ ಅಂತ ಒಂದೊಂದೇ ಮುಖ ನೋಡಿದೆ. ಏಳುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ. ಮುದ್ದಯ್ಯ ಜೇಬಿನಿಂದ ಪೆನ್ಸಿಲು ತೆಗೆದು, ಏನು ಮಾಡಬೇಕೋ ತೋಚದೆ, ನಮ್ಮ ಮೆಟ್ಟಿಲ ಪಕ್ಕದಲ್ಲಿ ನಿಂತ. ಆಮೇಲೆ ಹಳೇ ಅಭ್ಯಾಸದಂತೆ ಎದುರುಮನೆಯ ಕಡೆ ತಿರುಗಿದ, ನಿಮ್ಮನೆಯದು ಎಷ್ಟು ಅಂತ ಕೇಳುವವನ ಹಾಗೆ.

ಯಾರೂ ಬರಲಿಲ್ಲ. ಸಾಕಮ್ಮ ಪೊರಕೆಯನ್ನು ಮೆಟ್ಟಿಲ ಮೇಲೇ ಬಿಟ್ಟು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಅವಳ ಪಕ್ಕದ ಮನೆಯ ಬಾಗಿಲು ಮುಚ್ಚಿತು. ಅದರಾಚೆಯದೂ ಮುಚ್ಚಿತು. ಹೀಗೆ ಒಂದಾದ ಮೇಲೊಂದು, ಚೆಲುವಯ್ಯನ ದೊಡ್ಡ ಬಾಗಿಲಿನವರೆಗೂ, ಹಾಡುಹಗಲಲ್ಲಿ ಇಡೀ ಬೀದಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತಿತು.